ಹತ್ತು ಗಿಗಾಬಿಟ್‌ಗೆ ಅಡ್ಡ ಬಂದ ಧೂಳು

ಆಗ ನಾನು ಸರ್ಕಾರಿ ಅನುದಾನದ ಸಂಶೋಧನಾ ಜಾಲವೊಂದರಲ್ಲಿ ಪ್ರಾಜೆಕ್ಟ್ ಸಹಾಯಕ. ಸೆಕೆಂಡಿಗೆ 10 ಗಿಗಾಬಿಟ್ ಸಾಗಿಸುವ ಹೊಸ ಫೈಬರ್ ಲಿಂಕ್ ಸಿದ್ಧವಾಗಿತ್ತು. ಬೆಳಿಗ್ಗೆ ಜಾಲದ ವೇಗ ಅಳೆಯುವ ತಂತ್ರಾಂಶ ಐಪರ್ಫ್3 ಓಡಿಸಿದೆವು. ಪಕ್ಕದ ಕಟ್ಟಡಕ್ಕೆ 9 ಗಿಗಾಬಿಟ್ ಮೀರಿ ವೇಗ ಬಂತು. ಅದೇ ಪೋರ್ಟಿನಿಂದ ದೂರದ ಕೇಂದ್ರಕ್ಕೆ ಕಳಿಸಿದರೆ 100 ಮೆಗಾಬಿಟ್ ದಾಟುವುದಕ್ಕೂ ಏದುಸಿರು!

ಮೊದಲ ಅನುಮಾನ ಬಫರ್ ಮೇಲೆ, ಅಂದರೆ ಕಳಿಸಿದ ದತ್ತಾಂಶವನ್ನು ಉತ್ತರ ಬರುವವರೆಗೆ ಹಿಡಿದಿಡುವ ಮೆಮೊರಿ ಜಾಗದ ಮೇಲೆ. ಹೋಗಿಬರಲು 100 ಮಿಲಿಸೆಕೆಂಡ್ ಹಿಡಿಯುವ ದಾರಿಯಲ್ಲಿ ಪೂರ್ತಿ ವೇಗ ಸಿಗಬೇಕಾದರೆ, 'ತಲುಪಿತು' ಎಂಬ ಉತ್ತರ ಬರುವ ಮೊದಲೇ ಸುಮಾರು 125 ಮೆಗಾಬೈಟ್ ಹೊರಟಿರಬೇಕು. ಬಫರ್ ಹಿಗ್ಗಿಸಿದೆವು, ಅಂಕಿ ಅಲುಗಲಿಲ್ಲ. ಪರದೆಯಲ್ಲಿ ರೀಟ್ರಾನ್ಸ್‌ಮಿಟ್ ಎಣಿಕೆ, ಅಂದರೆ ಮತ್ತೆ ಕಳಿಸಬೇಕಾದ ಪ್ಯಾಕೆಟ್‌ಗಳ (ದತ್ತಾಂಶದ ತುಣುಕುಗಳ) ಲೆಕ್ಕ ಮಾತ್ರ ಏರುತ್ತಲೇ ಇತ್ತು.

"ಎಲ್ಲೋ ಪ್ಯಾಕೆಟ್ ಬೀಳ್ತಿದೆ ಕಣಪ್ಪ. ಹತ್ತಿರಕ್ಕಾದ್ರೆ ಕಳೆದದ್ದು ತಕ್ಷಣ ಮತ್ತೆ ಹೋಗುತ್ತೆ, ಗೊತ್ತೇ ಆಗಲ್ಲ" ಎಂದರು ನಮ್ಮ ಹಿರಿಯ ಎಂಜಿನಿಯರ್ ಮೇಡಂ. ಅಮೆರಿಕದ ಇಂಧನ ಇಲಾಖೆಯ ಸಂಶೋಧನಾ ಜಾಲ ಇಎಸ್‌ನೆಟ್‌ನಲ್ಲಿ ಕೆಟ್ಟ ರೌಟರ್ ಕಾರ್ಡೊಂದು 22,000 ಪ್ಯಾಕೆಟ್‌ಗಳಲ್ಲಿ ಒಂದನ್ನಷ್ಟೇ ಬೀಳಿಸುತ್ತಿತ್ತಂತೆ. ದೂರದ ವರ್ಗಾವಣೆಗಳು ಹಳ್ಳ ಹಿಡಿಯಲು ಅಷ್ಟೇ ಸಾಕಾಯಿತು. ನಾವು ಓಡಿಸುತ್ತಿದ್ದ ಐಪರ್ಫ್3 ಕೂಡ ಇಎಸ್‌ನೆಟ್‌ನವರದೇ ಕೂಸು. ಪ್ಯಾಕೆಟ್‌ಗಳನ್ನು ತಲುಪಿಸುವ ನಿಯಮಾವಳಿಯಾದ ಟಿಸಿಪಿ ನಷ್ಟ ಕಂಡೊಡನೆ ವೇಗ ತಗ್ಗಿಸುತ್ತದೆ, ದೂರ ಹೆಚ್ಚಿದಷ್ಟೂ ಚೇತರಿಕೆ ನಿಧಾನ. ಆ ಜಾಗರೂಕತೆಗೂ ಕಾರಣವಿದೆ. 1986ರಲ್ಲಿ ದಟ್ಟಣೆ ಹೆಚ್ಚಾಗಿ, ಬರೀ 400 ಗಜ ಅಂತರದಲ್ಲಿದ್ದ ಅಮೆರಿಕದ ಬರ್ಕ್ಲಿ ಲ್ಯಾಬ್ ಮತ್ತು ಬರ್ಕ್ಲಿ ವಿಶ್ವವಿದ್ಯಾಲಯದ ನಡುವಿನ ವೇಗ ಸೆಕೆಂಡಿಗೆ 32 ಕಿಲೋಬಿಟ್‌ನಿಂದ 40 ಬಿಟ್‌ಗೆ ಕುಸಿದಿತ್ತು. ಕಿಲೋಬಿಟ್ ಅಲ್ಲ, ಬಿಟ್! ಅದೇ ಲ್ಯಾಬಿನ ಸಂಶೋಧಕ ವ್ಯಾನ್ ಜೇಕಬ್ಸನ್ ಈ ತಗ್ಗುವ ಪಾಠವನ್ನು ಟಿಸಿಪಿಗೆ ಕಲಿಸಿದ್ದು ಆಮೇಲೆ.

ಊಟದ ನಂತರ ಮೇಡಂ ಬೇರೆ ವಿಭಾಗದಿಂದ ಕನೆಕ್ಟರ್ ನೋಡುವ ಸ್ಕೋಪ್ ಕಡ ತಂದರು. ಫೈಬರ್ ತುದಿ ಪರದೆಯ ಮೇಲೆ ಬೂದು ಬಿಲ್ಲೆಯಂತೆ ಕಂಡಿತು. ನಡುವೆ ಬೆಳಕು ಸಾಗುವ ತಿರುಳು, ಹೆಚ್ಚೂಕಡಿಮೆ 9 ಮೈಕ್ರಾನ್ ಅಗಲ. ಅದರ ಮೇಲೇ ಕಪ್ಪು ಕಣವೊಂದು ಠಿಕಾಣಿ ಹೂಡಿತ್ತು. ಪೆನ್ನಿನಂಥ ಕ್ಲೀನರ್ ಒತ್ತಿದಾಗ 'ಟಿಕ್' ಎಂದಿತು. ಮತ್ತೊಮ್ಮೆ ಒತ್ತಿದ ಮೇಲೆ ಬಿಲ್ಲೆ ಶುಭ್ರ. ಲಿಂಕ್ ಜೋಡಿಸಿ ಅದೇ ಪರೀಕ್ಷೆ ಓಡಿಸಿದರೆ ವೇಗ 8 ಗಿಗಾಬಿಟ್ ದಾಟಿತು, ರೀಟ್ರಾನ್ಸ್‌ಮಿಟ್ ಸೊನ್ನೆಗೆ ಬಂತು.

ಇಂಥ ಯೋಜನೆಗಳಲ್ಲಿ ದುಬಾರಿ ರೌಟರ್‌ಗೆ ಹಣ ಸಲೀಸಾಗಿ ಸಿಗುತ್ತದೆ, ಅದನ್ನು ಸುಸ್ಥಿತಿಯಲ್ಲಿಡುವ ಸಣ್ಣಪುಟ್ಟ ಸಾಮಾನಿಗೆ ಸಿಗುವುದಿಲ್ಲ. ಸ್ವಂತ ಸ್ಕೋಪ್ ಬೇಕೆಂದು ಅರ್ಜಿ ಹಾಕಿದೆವು. ಸಮರ್ಥನೆ ಕೇಳಿ ಕಡತ ವಾಪಸ್ ಬಂತು. ಧೂಳು ಒರೆಸುವ ಮೊದಲಿನ ಮತ್ತು ನಂತರದ ಎರಡು ಗ್ರಾಫ್ ಲಗತ್ತಿಸಿ ಮತ್ತೆ ಕಳಿಸಿದೆವು.