ತೂಗೀಯೋ, ಅಂದಾಜೋ?

ರವಿವಾರದಿಂದ ಈ ಒಂದು ಮಾತು ತಲೆಯಿಂದ ಇಳೀತಿಲ್ಲ. ಕಾಕಾ ಕೇಳಿದ್ದು ನನ್ನನ್ನಲ್ಲ, ಅಕ್ಕನ ಮಗನನ್ನ.

ಅಕ್ಕ ತಿಕೋಟಾಕ್ಕೆ ಬಂದಿದ್ದಳು. ಇಲ್ಲಿ ಬೆಳಗ್ಗೆ, ಅಲ್ಲಿ ಟೆಕ್ಸಾಸ್‌ನಲ್ಲಿ ಶನಿವಾರ ರಾತ್ರಿ. ಮಗನಿಗೆ ವಿಡಿಯೋ ಕಾಲ್ ಹಚ್ಚಿದಳು. ಅವನು ಗ್ಯಾರೇಜಿನಲ್ಲಿದ್ದ. ಎರಡು ವರ್ಷದಿಂದ ಅವನಿಗೊಂದು ಹುಚ್ಚು. ತನ್ನ ಪಿಸ್ತೂಲಿಗೆ ತಾನೇ ಸೀಸದ ಗುಂಡು ಎರಕ ಹೊಯ್ಯೋದು, ತಾನೇ ಕಾರ್ತೂಸು ತುಂಬೋದು. ನಮ್ಮಲ್ಲಿ ಲೈಸೆನ್ಸ್ ಇಲ್ಲದೆ ಇದಕ್ಕೆ ಕೈ ಹಾಕಿದ್ರೆ 1959ರ ಆಯುಧ ಕಾಯ್ದೆ ಮೈಮೇಲೆ ಬರುತ್ತೆ. ಅಲ್ಲಿ ಅದು ಪಾರಿವಾಳ ಸಾಕಿದ ಹಾಗೆ, ಸುಮ್ನೆ ಹವ್ಯಾಸ.

ಕಾಕಾ ಮಿಲಿಟರಿಯಲ್ಲಿ 24 ವರ್ಷ ಆರ್ಮರರ್ ಆಗಿದ್ದವರು. ಬಂದೂಕು ರಿಪೇರಿಯೇ ಕೆಲಸ. ಮನೆಯಲ್ಲಿ ಮಾತು ಕಡಿಮೆ. ಅವತ್ತು ಮಾತ್ರ ಫೋನನ್ನ ಚರಿಗೆಗೆ ಆನಿಸಿಟ್ಟು, ಕನ್ನಡಕ ಹಾಕ್ಕೊಂಡು ಕೂತರು.

ಹುಡುಗನಿಗೆ ತೋರಿಸೋ ಹುರುಪು. ಅವನು ಸ್ವಲ್ಪ ಬಡಾಯಿ, ಚಿಕ್ಕಂದಿನಿಂದಲೂ. ಟೈರ್ ಅಂಗಡಿಯಿಂದ ತಂದ ಹಳೆಯ ಸೀಸದ ತುಂಡು, ಅದೇ ಚಕ್ರದ ಬ್ಯಾಲೆನ್ಸಿಂಗಿಗೆ ಹೊಡೀತಾರಲ್ಲ ಅವು. ಅದರಲ್ಲಿ ಸತುವಿನ ತುಂಡು ಸೇರಿದ್ರೆ ಎರಕ ಕೆಡುತ್ತೆ, ಆರಿಸಿ ತೆಗೀಬೇಕು ಅಂದ. ಸೀಸ 327 ಡಿಗ್ರಿಗೇ ಕರಗುತ್ತೆ, ಸತುವಿಗೆ 420ರ ಹತ್ತಿರ ಬೇಕು, ಹಾಗಾಗಿ ಉರಿ ಕಡಿಮೆ ಇಟ್ರೆ ಸತು ಮೇಲೆ ತೇಲುತ್ತೆ. ಕಾಕಾ ತಲೆ ಆಡಿಸಿದರು.

"ತುಂಡು ಒಣಗ್ಯಾವೇನು? ಒಂದು ಹನಿ ನೀರು ಒಳಗ ಹೋದ್ರ ಸೀಸ ಮಾರಿಗೆ ಸಿಡೀತದ" ಅಂದರು. ಆಮೇಲೆ, "ಆ ಚಹಾ ಕಪ್ ಎತ್ತಿ ಹೊರಗಿಡು." ಅಕ್ಕನಿಗೆ ಮಗನ ಕೈ ಸುಟ್ಟೀತು ಅನ್ನೋ ಚಿಂತೆ. ಸುಟ್ಟ ಗಾಯ ವಾಸಿಯಾಗುತ್ತೆ, ಸೀಸ ಹತ್ತಿದ ಕೈಯಲ್ಲಿ ತಿಂದದ್ದು, ಕುಡಿದದ್ದು ಸದ್ದಿಲ್ಲದೆ ಮೈಯಲ್ಲಿ ಕೂಡುತ್ತೆ ಅನ್ನೋದು ಅವಳಿಗೆ ಗೊತ್ತಿಲ್ಲ. ನನಗೂ ಗೊತ್ತಿರಲಿಲ್ಲ ಬಿಡಿ.

ಮುಂದೆ ಹುಡುಗ ಹಲಗೆಯೊಂದನ್ನ ತೋರಿಸಿದ. 50 ಹಿತ್ತಾಳೆ ಕಾರ್ತೂಸು, ಬಾಯಿ ಮೇಲೆ ಮಾಡಿ ನಿಲ್ಲಿಸಿದ್ದ. ಮದ್ದು ಹಾಕಿ ಆಗಿದೆ, ಇನ್ನು ಗುಂಡು ಕೂಡಿಸೋದಷ್ಟೇ.

"ತೂಗೀಯೋ, ಅಂದಾಜೋ?"

"ತೂಗೀನ್ರಿ ಅಜ್ಜಾ. ಹತ್ತಕ್ಕೊಂದು ತೂಗ್ತೀನಿ. ಉಳಿದದ್ದು ಮಷೀನೇ ಅಳದು ಹಾಕ್ತದ."

"ಬ್ಯಾಟರಿ ತಂದು ಒಳಗ ಬೆಳಕು ಬಿಡು."

ಹುಡುಗ ನಕ್ಕೊಂತ ಬ್ಯಾಟರಿ ತಂದ. ಸಾಲಾಗಿ ಬೆಳಕು ಬಿಡ್ತಾ ಹೋದ. ಮೂರನೇ ಸಾಲಿನಲ್ಲಿ ಕೈ ನಿಂತಿತು. ನಗುವೂ ನಿಂತಿತು. ಒಂದರಲ್ಲಿ ಮದ್ದು ಬಾಯಿಯವರೆಗೆ ಬಂದಿತ್ತು, ಎರಡು ಸಲ ಬಿದ್ದಿತ್ತು.

ಆ ಜಾತಿ ಮದ್ದು ಇಷ್ಟೇ ಇಷ್ಟು ಬೇಕಂತೆ, ಅರ್ಧ ಕಾರ್ತೂಸೂ ತುಂಬಲ್ಲ. ಅದಕ್ಕೇ ಎರಡು ಸಲ ಹಾಕಿದ್ರೂ ಹೊರಗೆ ಚೆಲ್ಲಲ್ಲ. ಮೇಲೆ ಗುಂಡು ಕೂತರೆ ಮುಗೀತು, ಕಣ್ಣಿಗೆ ಎಲ್ಲಾ ಒಂದೇ. ಪಿಸ್ತೂಲು ಕೈಯಲ್ಲೇ ಒಡೀಬಹುದಿತ್ತು.

ಹೇಗಾಯ್ತು ಅಂದ್ರೆ, ಮದ್ದು ಹಾಕ್ತಾ ಇದ್ದಾಗ ಫೋನ್ ಬಂತಂತೆ. ನಮ್ಮದೇ ಫೋನ್. ಎತ್ತಿ, "ಅವ್ವಾ, ಎರಡು ನಿಮಿಷ ತಡಿ" ಅಂದು ಇಟ್ಟು ಮತ್ತೆ ಅಲ್ಲಿಂದಲೇ ಶುರು ಮಾಡಿದ್ದ. ಅಲ್ಲಿಂದಲೇ ಅಂತ ಅವನ ಅಂದಾಜು.

ಕಾಕಾ ಬೈಯಲಿಲ್ಲ. "ಐವತ್ತೂ ಸುರುವಿ ಮೊದಲಿಂದ ತೂಗು" ಅಂದರು ಅಷ್ಟೇ. ಆಮೇಲೆ ನನ್ನ ಕಡೆ ತಿರುಗಿ, ವಿಜಯಪುರ ಕೋಟೆಯ ಮಲಿಕ್-ಎ-ಮೈದಾನ್ ತೋಪು ಹೊಡೆಯೋನು ಬತ್ತಿ ಹಚ್ಚಿ ಪಕ್ಕದ ನೀರಿನ ತೊಟ್ಟಿಗೆ ಜಿಗೀತಿದ್ದ ಅಂತ ಸಾಲಿ ಟ್ರಿಪ್‌ನಾಗ ಹೇಳ್ತಿದ್ರಲ್ಲ, ಪಿಸ್ತೂಲಿಗೆ ತೊಟ್ಟಿ ಎಲ್ಲೈತಿ ಅಂದರು. ನಗಬೇಕೋ ಬೇಡವೋ ತಿಳೀಲಿಲ್ಲ.

ಮರುದಿನ ದ್ರಾಕ್ಷಿಗೆ ಔಷಧ ಹೊಡೆಯೋದಿತ್ತು. ನಮ್ಮ ಆಳು ಡ್ರಮ್ಮಿನ ಹತ್ತಿರ ನಿಂತು "ಎಷ್ಟ ಹಾಕ್ಲಿರಿ?" ಅಂದ. "ಹಾಕೋ, ಅಂದಾಜ್ ಮ್ಯಾಲ" ಅಂತ ಬಾಯಿಗೆ ಬಂದೇ ಬಿಟ್ಟಿತ್ತು. ಹನ್ನೆರಡು ವರ್ಷದಿಂದ ಹಾಗೇ ಹೇಳಿದ್ದೀನಿ. ಡಬ್ಬಿಯ ಮೇಲೆ ಲೀಟರಿಗೆ ಎಷ್ಟು ಎಂ.ಎಲ್. ಅಂತ ಬರೆದಿರುತ್ತೆ, ಓದಿದ್ದೀನಿ ಕೂಡ. ಆದ್ರೆ ಅಳತೆ ನಮ್ಮದು ಬಾಟಲಿ ಮುಚ್ಚಳ. ಅದೂ ಯಾವುದೋ ಬೇರೆ ಕಂಪನಿಯ ಮುಚ್ಚಳ. ರೋಗ ಜಾಸ್ತಿ ಕಂಡ್ರೆ ಕೈಯೂ ಜಾಸ್ತಿ. ಹುಡುಗನಾದ್ರೂ ಹತ್ತಕ್ಕೊಂದು ತೂಗಿದ್ದ. ನಾನು? ನನ್ನ ತಪ್ಪು ನನ್ನ ಕೈಯಲ್ಲಿ ಒಡೆಯಲ್ಲ, ಯಾವುದೋ ಊರಲ್ಲಿ ಯಾರದೋ ಮಗು ಆ ಹಣ್ಣು ತಿನ್ನುತ್ತೆ. ಅದಕ್ಕೇ ಇಷ್ಟು ವರ್ಷ ಆರಾಮಾಗಿ ನಿದ್ದೆ ಬಂದಿದ್ದು, ಅಲ್ವಾ.

ಆಳನ್ನ ನಿಲ್ಲಿಸಿ ಪೇಟೆಗೆ ಹೋಗಿ ಗೆರೆ ಇರೋ ಅಳತೆ ಗ್ಲಾಸ್ ತಂದೆ. "ಇದಕ್ಕ ಅರ್ಧಾ ದಿನಾ ಹೋತಲ್ರಿ" ಅಂದ ಅವನು.

ನಿನ್ನೆ ಹುಡುಗ ಫೋಟೋ ಕಳಿಸಿದ್ದ. ಐವತ್ತೂ ಖಾಲಿ ಮಾಡಿ, ಮತ್ತೆ ತೂಗಿ ತುಂಬಿದ್ದ. ಫೋನ್ ಬೇರೆ ಕೋಣೆಯಲ್ಲಿಟ್ಟು ಕೂತಿದ್ದೆ ಅಂತ ಬರೆದಿದ್ದ. ಕಾಕಾಗೆ ತೋರಿಸಿದೆ. ಬೆರಳಿಂದ ಫೋಟೋ ದೊಡ್ಡದು ಮಾಡಿ, ತುಂಬಾ ಹೊತ್ತು ನೋಡಿದರು.

"ಟೇಬಲ್ ಮ್ಯಾಲ ಮದ್ದಿನ ಡಬ್ಬಿ ಎರಡು ಅದಾವಲ್ಲ" ಅಂದರು. "ಅದಲು ಬದಲಾದೀತು, ಒಂದು ಒಳಗಿಡು ಅಂತ ಹೇಳು."