ಅನ್ನ ಬಿಟ್ಟಿಲ್ಲ

‘ಅನ್ನ ಬಿಟ್ಟುಬಿಟ್ಯಂತೆ? ಅಷ್ಟಕ್ಕೇ ಪಿಸಿಓಡಿ ವಾಸಿ ಆಯ್ತಂತೆ?’

ಮೂರು ವರ್ಷದಿಂದ ಇದೇ ಪ್ರಶ್ನೆ. ಮದುವೆಮನೆಯಲ್ಲಿ, ಬಸ್ಸಿನಲ್ಲಿ, ಆಫೀಸಿನ ಕ್ಯಾಂಟೀನಿನಲ್ಲಿ, ಯಾರೋ ನಂಬರ್ ಕೊಟ್ಟರು ಅಂತ ಫೋನ್ ಮಾಡುವವರ ಬಾಯಲ್ಲಿ. ಇಷ್ಟು ದಿನ ನಗುನಗುತ್ತಾ ಹೇಳಿದೆ. ಇನ್ನು ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ. ಅನ್ನ ಬಿಟ್ಟಿಲ್ಲ. ವಾಸಿಯೂ ಆಗಿಲ್ಲ. ಪಿಸಿಓಡಿ ಎಂದರೆ ಹೆಂಗಸರ ಹಾರ್ಮೋನು, ಮುಟ್ಟು ಏರುಪೇರಾಗುವ ತೊಂದರೆ; ಬುಡಸಮೇತ ಹೋಗುವ ಕಾಯಿಲೆಯಲ್ಲ, ಹಿಡಿತದಲ್ಲಿದೆ ಅಷ್ಟೆ.

ನನಗೆ ಸಿಟ್ಟು ಬರುವುದು ಆ ‘ಬಿಟ್ಟೆ’ ಎಂಬ ಮಾತಿಗೆ. ಹೆಂಗಸಿಗೆ ಏನೇ ಬರಲಿ, ಮೊದಲು ಕೇಳುವುದು ಏನು ಬಿಟ್ಟೆ ಅಂತ. ತಿಂದದ್ದಕ್ಕೇ ಬಂತು ಎಂಬ ತೀರ್ಪು ಅದರೊಳಗೇ ಕೂತಿರುತ್ತದೆ. ಕಡ್ಡಿಯಂತಿರುವ ಹುಡುಗಿಯರಿಗೂ ಇದು ಬರುತ್ತದೆ. ಅವರಿಗೆ ಏನು ಬಿಡಿಸುತ್ತೀರಿ?

ಹೋದ ಭಾನುವಾರ ತಿಪಟೂರಿನ ಹತ್ತಿರ ಸೋದರತ್ತೆಯ ಮಗನ ಗೃಹಪ್ರವೇಶ. ಎಲೆ ಹಾಕಿ ಉಪ್ಪು, ಕೋಸಂಬರಿ, ಹುರುಳಿಕಾಯಿ ಪಲ್ಯ ಬಡಿಸಿದರು. ಅನ್ನ ಬರುವ ಮೊದಲೇ ನಾನು ಕೋಸಂಬರಿಗೆ ಕೈ ಹಾಕಿದೆ. ಎದುರು ಸಾಲಿನಿಂದ ಅತ್ತೆ, ‘ಏಯ್, ಅನ್ನ ತೊವ್ವೆ ಬೀಳ್ಲಿ ತಡಿಯೇ, ತುಪ್ಪಾನೂ ಬಂದಿಲ್ಲ’ ಅಂದರು. ಅನ್ನದ ಹುಡುಗ ಬಂದಾಗ ಒಂದೇ ಸೌಟು ಸಾಕಪ್ಪ ಎನ್ನುವಷ್ಟರಲ್ಲಿ ಅತ್ತೆ ಇಡೀ ಪಂಕ್ತಿಗೆ ಕೇಳುವಂತೆ, ‘ಅವಳಿಗೆ ಹಾಕ್ಬೇಡ, ಅವಳಿಗೆ ಪಿಸಿಓಡಿ, ಅನ್ನ ಬಿಟ್ಟಿದಾಳೆ.’ ಹುಡುಗ ಬಕೆಟ್ ಎತ್ತಿಕೊಂಡು ಮುಂದೆ ಹೋದ. ಹಿಂದೆಯೇ ಬಂದ ತೊವ್ವೆಯವನು ನೋಡದೆ ಖಾಲಿ ಎಲೆಗೆ ಸುರಿದ. ಅದನ್ನು ತಡೆಯಲು ಅನ್ನದ ಕಟ್ಟೆಯಿಲ್ಲ. ಪಲ್ಯ ದಾಟಿ ನನ್ನ ಸೀರೆಯ ಕಡೆಗೆ ಹೊರಟಿತು. ಎಲ್ಲರೂ ನಕ್ಕರು, ನನಗೂ ನಗು ಬಂತು. ಆದರೆ ಅತ್ತೆ, ನನ್ನ ಕಾಯಿಲೆಯನ್ನು ಪಂಕ್ತಿಯಲ್ಲಿ ಬಡಿಸುವ ಕೆಲಸ ನಿಮ್ಮದಲ್ಲ.

ಕೋಸಂಬರಿ ಮೊದಲು ತಿನ್ನುವುದಕ್ಕೆ ಕಾರಣವಿದೆ. ಬೇಳೆ, ತರಕಾರಿ ಮುಂಚೆ ಹೊಟ್ಟೆಗಿಳಿದಿದ್ದರೆ ಆಮೇಲೆ ತಿಂದ ಅನ್ನದ ಸಕ್ಕರೆ ನಿಧಾನವಾಗಿ ರಕ್ತಕ್ಕೆ ಸೇರುತ್ತದೆ. ರಕ್ತದ ಸಕ್ಕರೆ ಇಳಿಸುವ ಹಾರ್ಮೋನು ಇನ್ಸುಲಿನ್. ನನ್ನ ಮೈ ಅದರ ಮಾತನ್ನು ಬೇಗ ಕೇಳುವುದಿಲ್ಲ. ಕೇಳದಿದ್ದಷ್ಟೂ ಮೇದೋಜೀರಕ ಇನ್ನಷ್ಟು ಇನ್ಸುಲಿನ್ ಕಳಿಸುತ್ತದೆ. ಆ ಹೆಚ್ಚುವರಿ ಇನ್ಸುಲಿನ್ ಅಂಡಾಶಯಕ್ಕೆ ಹೋಗಿ ಗಂಡು ಹಾರ್ಮೋನನ್ನು ಜಾಸ್ತಿ ಮಾಡಿಸುತ್ತದೆ; ಅದನ್ನು ಕಟ್ಟಿಹಾಕುವ ಒಂದು ಪ್ರೋಟೀನನ್ನು ಯಕೃತ್ತು ತಯಾರಿಸುವುದೂ ಕಡಿಮೆಯಾಗುತ್ತದೆ. ಗಲ್ಲದ ಮೇಲೆ ಕೂದಲು, ಮೊಡವೆ, ತಿಂಗಳುಗಟ್ಟಲೆ ಬಾರದ ಮುಟ್ಟು, ಎಲ್ಲ ಅಲ್ಲಿಂದ. ಸ್ಕ್ಯಾನಿನಲ್ಲಿ ಕಂಡು ಎಲ್ಲರೂ ಹೆದರುವ ‘ನೀರುಗುಳ್ಳೆ’ ಗಡ್ಡೆಯಲ್ಲ, ಪೂರ್ತಿ ಬೆಳೆಯದೆ ಅರ್ಧಕ್ಕೇ ನಿಂತ, ಅಂಡವಿರುವ ಪುಟ್ಟ ಚೀಲ, ಒಂದು ಸೆಂಟಿಮೀಟರ್ ಕೂಡ ಇರುವುದಿಲ್ಲ.

ಹಾಗಾದರೆ ಏನು ತಿನ್ನುತ್ತೀ? ಬೆಳಿಗ್ಗೆ ನಾಲ್ಕು ಇಡ್ಲಿಯ ಜಾಗದಲ್ಲಿ ಎರಡು, ಜೊತೆಗೆ ಕಡಲೆಕಾಳಿನ ಉಸ್ಲಿ ಇಲ್ಲವೇ ಮೊಟ್ಟೆ. ಮಧ್ಯಾಹ್ನ ಅನ್ನ ಒಂದು ಬಟ್ಟಲು, ಹುಳಿ, ಪಲ್ಯ ಕೇಳಿದಷ್ಟು. ರಾತ್ರಿ ಅರ್ಧ ಮುದ್ದೆ, ಮೊಳಕೆ ಹುರುಳಿಕಾಳಿನ ಬಸ್ಸಾರು. ‘ರಾಗಿ ತಾನೆ, ಎಷ್ಟಾದ್ರೂ ತಿನ್ನು’ ಅನ್ನುತ್ತಾರೆ. ರಾಗಿಹಿಟ್ಟಿನಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಬೆಲ್ಲವೂ ಸಕ್ಕರೆಯೇ. ಊಟವಾದ ಮೇಲೆ 15 ನಿಮಿಷ ನಡೆಯುತ್ತೇನೆ. ಕೆಲಸ ಮಾಡುವ ಸ್ನಾಯು ಇನ್ಸುಲಿನ್ನಿಗೆ ಕಾಯದೆ ಸಕ್ಕರೆ ಎಳೆದುಕೊಳ್ಳುತ್ತದೆ. ವಾರಕ್ಕೆ ಎರಡು ದಿನ ಭಾರ ಎತ್ತುತ್ತೇನೆ. ಮೈ ಇನ್ಸುಲಿನ್ನಿನ ಮಾತು ಕೇಳುವಂತೆ ಮಾಡುವ ಮೆಟ್‌ಫಾರ್ಮಿನ್ ಗುಳಿಗೆಯೂ ಇದೆ. ಅದನ್ನು ಮುಚ್ಚಿಟ್ಟು ಹುರುಳಿಕಾಳಿಗೆ ಎಲ್ಲ ಕೀರ್ತಿ ಕೊಡಲಾರೆ. ಯಾವ ಡಯಟ್ ಒಳ್ಳೆಯದು ಅಂತ ಕೇಳುವವರಿಗೆ: ಪಿಸಿಓಡಿ ಕುರಿತ 2023ರ ಅಂತಾರಾಷ್ಟ್ರೀಯ ಮಾರ್ಗಸೂಚಿಯ ಪ್ರಕಾರ ಇಂಥದ್ದೇ ಊಟ ಇನ್ನೊಂದಕ್ಕಿಂತ ಮೇಲು ಎನ್ನಲು ಆಧಾರವಿಲ್ಲ. ವರ್ಷಗಟ್ಟಲೆ ತಿನ್ನಲಾಗುವುದನ್ನು ತಿನ್ನಿ. ನನಗೆ ಅದು ನಮ್ಮಮ್ಮನ ಅಡುಗೆ.

ಮೂರು ವರ್ಷದಲ್ಲಿ ಇಳಿದದ್ದು ನಾಲ್ಕು ಕೆಜಿ. ಅದನ್ನು ಎಲ್ಲರೂ ಕೇಳುತ್ತಾರೆ. ಮುಂಚೆ ವರ್ಷಕ್ಕೆ ನಾಲ್ಕು ಸಲ ಆಗುತ್ತಿದ್ದ ಮುಟ್ಟು ಕಳೆದ ವರ್ಷ ಒಂಬತ್ತು ಸಲ ಆಯಿತು. ಅದನ್ನು ಒಬ್ಬರೂ ಕೇಳಿಲ್ಲ.

ನನ್ನನ್ನು ಕೇಳಬೇಕಿದ್ದ ಪ್ರಶ್ನೆ ಬೇರೆ ಇತ್ತು. ನನಗೆ 15 ವರ್ಷವಿದ್ದಾಗ ಯಾರಾದರೂ, ‘ಈ ಮಗು ಕತ್ತು ಯಾಕೆ ಕಪ್ಪಾಗಿದೆ?’ ಅಂತ ನಿಜವಾಗಿ ಕೇಳಬೇಕಿತ್ತು. ನೋಡಿದವರೆಲ್ಲ ಕೊಳೆ ಅಂದರು. ನಿಂಬೆಹಣ್ಣು, ಕಡಲೆಹಿಟ್ಟು, ಕೊನೆಗೆ ತೆಂಗಿನ ನಾರು. ಪ್ರತಿ ಭಾನುವಾರ ಎಣ್ಣೆನೀರಿನ ದಿನ ಅಮ್ಮ ಉಜ್ಜುತ್ತಿದ್ದಳು, ಚರ್ಮ ಕಿತ್ತು ಉರಿಯುವವರೆಗೆ. ಅವಳಿಗೂ ಯಾರೂ ಹೇಳಿರಲಿಲ್ಲ. ಇನ್ಸುಲಿನ್ ಹೆಚ್ಚಾದಾಗ ಕತ್ತು, ಕಂಕುಳಿನ ಚರ್ಮ ದಪ್ಪಗಾಗಿ ಕಪ್ಪಾಗುತ್ತದೆ ಎಂದು ನನಗೆ ಗೊತ್ತಾಗುವ ಹೊತ್ತಿಗೆ 27 ತುಂಬಿತ್ತು. ಪಿಸಿಓಡಿ ಇರುವ ಹೆಂಗಸರಲ್ಲಿ ನೂರಕ್ಕೆ 70ರವರೆಗೂ ಮಂದಿಗೆ ಅದು ಇದೆಯೆಂದೇ ತಿಳಿದಿರುವುದಿಲ್ಲ ಎನ್ನುತ್ತದೆ ವಿಶ್ವ ಆರೋಗ್ಯ ಸಂಸ್ಥೆ. ಅವರಲ್ಲಿ ಎಷ್ಟು ಜನ ಈಗಲೂ ಕತ್ತು ಉಜ್ಜಿಕೊಳ್ಳುತ್ತಿದ್ದಾರೋ!

ಆವತ್ತು ಪಂಕ್ತಿಯಲ್ಲಿ ನನ್ನ ಪಕ್ಕ ಕೂತಿದ್ದವಳು ಅತ್ತೆಯ ಮೊಮ್ಮಗಳು, 14 ವರ್ಷ. ಸೆಖೆಯಲ್ಲೂ ವೇಲನ್ನು ಕತ್ತಿಗೆ ಸುತ್ತಿಕೊಂಡಿದ್ದಳು. ಬಗ್ಗಿದಾಗ ಕಂಡಿತು, ನನಗಿದ್ದ ಅದೇ ಕಪ್ಪು, ಉಜ್ಜಿ ಕೆಂಪಾಗಿದ್ದ ಅಂಚು. ಅನ್ನದ ಹುಡುಗ ನನ್ನನ್ನು ದಾಟಿ ಅವಳ ಮುಂದೆ ನಿಂತಾಗ ಅವಳು ಎಲೆಗೆ ಕೈ ಅಡ್ಡ ಹಿಡಿದು, ‘ನಂಗೂ ಬೇಡ’ ಅಂದಳು.

ಆಗ ನಾನು ಕೂಗಿದೆ, ‘ತಮ್ಮಾ, ಬಾ ಇಲ್ಲಿ. ಇಬ್ಬರಿಗೂ ಹಾಕು.’

ಕೈ ತೊಳೆಯುವಾಗ ಅವಳಮ್ಮನನ್ನು ಪಕ್ಕಕ್ಕೆ ಕರೆದೆ. ‘ಸ್ಕ್ಯಾನ್ ಮಾಡಿಸ್ಲಾ ಅಕ್ಕ?’ ಎಂದಳು. ಬೇಡ ಅಂದೆ. ಮೊದಲ ಮುಟ್ಟಾಗಿ ಎಂಟು ವರ್ಷ ತುಂಬುವವರೆಗೆ ಸ್ಕ್ಯಾನ್ ನೋಡಿ ಪಿಸಿಓಡಿ ಅನ್ನಬಾರದು. ಆ ವಯಸ್ಸಿನಲ್ಲಿ ಎಷ್ಟೋ ಹುಡುಗಿಯರ ಅಂಡಾಶಯ ಹಾಗೇ ಕಾಣುತ್ತದೆ. ಮೊದಲು ಡಾಕ್ಟರಿಗೆ ಕತ್ತು ತೋರಿಸು, ಸಕ್ಕರೆ ಪರೀಕ್ಷೆ ಮಾಡಿಸು, ಮುಟ್ಟಿನ ತಾರೀಕು ಬರೆದಿಡು, ನಿಂಬೆಹಣ್ಣು ಇವತ್ತಿಂದಲೇ ನಿಲ್ಲಿಸು. ಬುಧವಾರ ಬರುತ್ತಾರಂತೆ, ಖಾಲಿ ಹೊಟ್ಟೆಯಲ್ಲಿ. ರಕ್ತ ಕೊಟ್ಟ ಮೇಲೆ ನಮ್ಮ ಮನೆಗೇ ಇಡ್ಲಿಗೆ ಬನ್ನಿ ಎಂದಿದ್ದೇನೆ.