ಎಡಗೆನ್ನೆಯ ಬಂಗು: ನಾಲ್ಕು ತಿಂಗಳ ದಾಖಲೆ

ಫೆಬ್ರವರಿ, ಮೊದಲ ಭಾನುವಾರ

ಎರಡನೆಯ ಹೆರಿಗೆಯ ಹೊತ್ತಿಗೆ ಮುಖಕ್ಕೆ ಬಂದ ಬಂಗು ಹಾಗೆಯೇ ನಿಂತುಬಿಟ್ಟಿದೆ. ಮಗಳಿಗೆ ಈಗ ಐದು ವರ್ಷ. ಈ ಐದು ವರ್ಷದಲ್ಲಿ ಬಚ್ಚಲುಮನೆಯ ಗೂಡಿಗೆ ಸೀರಮ್, ಟೋನರ್, ಲೇಪ ಎಂದು ಒಂದೊಂದೇ ಸೇರುತ್ತ ಹೋದವು. ಬಂಗು ಮಾತ್ರ ಕದಲಲಿಲ್ಲ. ಇನ್ನೊಂದು ಸೀಸೆಗೆ ದುಡ್ಡು ಹಾಕುವ ಮೊದಲು, ಇರುವುದನ್ನಾದರೂ ಸರಿಯಾಗಿ ಬಳಸುತ್ತಿದ್ದೇನೆಯೇ ಎಂದು ನೋಡಬೇಕು. ಅದಕ್ಕಾಗಿ ಈ ದಾಖಲೆ.

ಪ್ರತಿ ಭಾನುವಾರ ಬೆಳಿಗ್ಗೆ ಎಂಟಕ್ಕೆ, ಪಡಸಾಲೆಯ ಉತ್ತರದ ಕಿಟಕಿಯ ಎದುರು ಮೂರು ಫೋಟೊ: ಎಡ, ಬಲ, ನೇರ. ಮೊಬೈಲ್ ತಾನಾಗಿಯೇ ಮುಖವನ್ನು ನುಣುಪು ಮಾಡುವುದನ್ನು ನಿಲ್ಲಿಸಿದ್ದೇನೆ. ಮೊದಲ ಮೂರು ಫೋಟೊಗಳನ್ನು ಪಕ್ಕಪಕ್ಕದಲ್ಲಿ ಇಟ್ಟು ನೋಡಿದಾಗಲೇ ಒಂದು ವಿಷಯ ಗೊತ್ತಾಯಿತು. ಎಡಗೆನ್ನೆ ಬಲಗೆನ್ನೆಗಿಂತ ಎದ್ದು ಕಾಣುವಷ್ಟು ಕಪ್ಪು. ಕಣ್ಣಿನ ಕೆಳಗಿನಿಂದ ಕೆನ್ನೆಯ ಮೂಳೆಯವರೆಗೆ, ಚೆಲ್ಲಿದ ಚಹಾವನ್ನು ಅರ್ಧ ಒರೆಸಿ ಬಿಟ್ಟಂತೆ. ದಿನವೂ ಕನ್ನಡಿ ನೋಡುವ ನನಗೆ ಇದು ಇಷ್ಟು ದಿನ ಹೊಳೆದಿರಲೇ ಇಲ್ಲ.

ಫೆಬ್ರವರಿ, ಎರಡನೆಯ ವಾರ

ಮಂಡಿಪೇಟೆಯಲ್ಲಿ ಚಿಕ್ಕಪ್ಪನ ಬೆಳ್ಳಿ ಅಂಗಡಿ ಇದೆ. ಗ್ರಾಮಿನ ನೂರನೆಯ ಒಂದು ಪಾಲನ್ನೂ ತೋರಿಸುವ ತಕ್ಕಡಿ ಅಲ್ಲಿದೆ. ಶನಿವಾರ ಸನ್‌ಸ್ಕ್ರೀನ್ ಟ್ಯೂಬ್ ಹಿಡಿದುಕೊಂಡು ಹೋದೆ. ಮೊದಲು ಟ್ಯೂಬನ್ನು ತೂಗಿದೆ, ದಿನವೂ ಹಚ್ಚುವಷ್ಟನ್ನೇ ಹಿಂಡಿ ಹಚ್ಚಿಕೊಂಡೆ, ಮತ್ತೆ ತೂಗಿದೆ. ವ್ಯತ್ಯಾಸ 0.31 ಗ್ರಾಂ.

ಟ್ಯೂಬಿನ ಮೇಲೆ ಅಚ್ಚಾಗಿರುವ ಎಸ್‌ಪಿಎಫ್ (ಬಿಸಿಲಿನಿಂದ ಎಷ್ಟು ರಕ್ಷಣೆ ಎಂದು ಹೇಳುವ) ಸಂಖ್ಯೆಯನ್ನು ಅಳೆಯುವುದು ಚರ್ಮದ ಪ್ರತಿ ಚದರ ಸೆಂಟಿಮೀಟರಿಗೆ 2 ಮಿಲಿಗ್ರಾಂ ಹಚ್ಚಿ. ಮುಖ, ಕತ್ತು ಎರಡಕ್ಕೂ ಲೆಕ್ಕ ಹಾಕಿದರೆ ಒಂದು ಗ್ರಾಮಿಗೂ ಸ್ವಲ್ಪ ಹೆಚ್ಚೇ ಬೇಕು. ತೋರುಬೆರಳು, ನಡುಬೆರಳುಗಳ ಉದ್ದಕ್ಕೂ ಎರಡು ಗೆರೆ ಎಳೆದು ತೂಗಿದೆ: 1.1 ಗ್ರಾಂ. ಅಂದರೆ ಬೇಕಾದುದರ ಮೂರನೆಯ ಒಂದು ಪಾಲೂ ನನ್ನ ಮುಖಕ್ಕೆ ಸೇರುತ್ತಿರಲಿಲ್ಲ. 50 ಗ್ರಾಮಿನ ಆ ಟ್ಯೂಬನ್ನು ತೆರೆದಿದ್ದು ಆಗಸ್ಟ್ ಕೊನೆಯಲ್ಲಿ. ಐದು ತಿಂಗಳು ಕಳೆದರೂ ಮುಗಿಯದ ಟ್ಯೂಬನ್ನು ಕಂಡು ಒಳ್ಳೆಯ ಉಳಿತಾಯ ಎಂದುಕೊಂಡಿದ್ದೆ.

ಹೊಸ ಟ್ಯೂಬ್ ತಂದು ಅದರ ಬೆನ್ನಿಗೆ ಅಳಿಸದ ಮಾರ್ಕರಿನಲ್ಲಿ ಬರೆದೆ: ಫೆಬ್ರವರಿ 8. ಬೆಳಿಗ್ಗೆ ಒಮ್ಮೆ, ಕಚೇರಿಯಲ್ಲಿ ಊಟವಾದ ಮೇಲೆ ಒಮ್ಮೆ, ಭಾನುವಾರ ಮನೆಯಲ್ಲಿ ಒಂದೇ ಸಲ. ಈ ಲೆಕ್ಕದಲ್ಲಿ 24 ದಿನಕ್ಕೆ ಮುಗಿಯಬೇಕು. ಆಮೇಲೂ ಉಳಿದಿದ್ದರೆ ನಾನು ಕಳ್ಳಾಟ ಆಡಿದ್ದೇನೆ ಎಂದರ್ಥ.

ಫೆಬ್ರವರಿ, ಮೂರನೆಯ ವಾರ

ಎಡಗೆನ್ನೆಯೇ ಏಕೆ ಎಂಬುದಕ್ಕೆ ಉತ್ತರ ಬಸ್ಸಿನಲ್ಲಿ ಸಿಕ್ಕಿತು. ಎಂಟು ವರ್ಷದಿಂದ ದಾವಣಗೆರೆಯಿಂದ ಚಿತ್ರದುರ್ಗಕ್ಕೆ ಓಡಾಡುತ್ತಿದ್ದೇನೆ, ಒಂದು ಕಡೆಗೆ ಸುಮಾರು 60 ಕಿಲೋಮೀಟರ್. ನನ್ನ ಜಾಗ ಎಡಬದಿಯ ಕಿಟಕಿ. ಮಂಗಳವಾರ ಆನಗೋಡು ದಾಟುವಾಗ ಬಿಸಿಲು ಕಣ್ಣಿಗೆ ಹೊಡೆದು, ಕೈ ಅಡ್ಡ ಹಿಡಿದೆ. ಆ ಕ್ಷಣಕ್ಕೆ ದಿಕ್ಕಿನ ಲೆಕ್ಕ ಹೊಳೆಯಿತು. ಹೆದ್ದಾರಿ ದುರ್ಗದ ಕಡೆ ಆಗ್ನೇಯಕ್ಕೆ ಸಾಗುತ್ತದೆ, ಬೆಳಗಿನ ಸೂರ್ಯ ಎಡಕ್ಕೆ. ಸಂಜೆ ವಾಯವ್ಯಕ್ಕೆ ಮರಳುತ್ತೇವೆ, ಪಡುವಣಕ್ಕೆ ಇಳಿದ ಸೂರ್ಯ ಆಗಲೂ ಎಡಕ್ಕೇ. ಎಂಟು ವರ್ಷ ಎರಡೂ ಹೊತ್ತು ಒಂದೇ ಕೆನ್ನೆಯನ್ನು ಬಿಸಿಲಿಗೆ ಒಡ್ಡಿದ್ದೇನೆ! ಗಾಜು ಮುಚ್ಚಿರುತ್ತಿತ್ತಲ್ಲ ಎಂದು ಸಮಾಧಾನ ಮಾಡಿಕೊಳ್ಳುವಂತೆಯೂ ಇಲ್ಲ. ಚರ್ಮವನ್ನು ಸುಡುವ ಯುವಿಬಿ ಕಿರಣವನ್ನು ಕಿಟಕಿಯ ಗಾಜು ಬಹುಪಾಲು ತಡೆಯುತ್ತದೆ. ಬಣ್ಣ ಗಾಢವಾಗಿಸುವ ಯುವಿಎ ಕಿರಣ ಸಾಕಷ್ಟು ಒಳಗೆ ಬರುತ್ತದೆ.

ಬುಧವಾರದಿಂದ ಬಲಬದಿಯಲ್ಲಿ ಕೂರುತ್ತಿದ್ದೇನೆ. ಗುಡ್ಡದ ಮೇಲಿನ ಗಾಳಿಯಂತ್ರಗಳನ್ನು ನೋಡಲು ಈಗ ಕತ್ತು ತಿರುಗಿಸಬೇಕು. ಈ ಬದಲಾವಣೆಗೆ ಒಂದು ಪೈಸೆಯೂ ಖರ್ಚಾಗಲಿಲ್ಲ.

ಮಾರ್ಚ್ 4

ಮೊದಲ ಟ್ಯೂಬ್ ಲೆಕ್ಕದಂತೆಯೇ ಮುಗಿಯಿತು. ಎರಡನೆಯದರ ಬೆನ್ನಿಗೆ ತಾರೀಖು ಬಿತ್ತು.

ಖರ್ಚಿನ ಮಾತು ಬರೆಯಲೇಬೇಕು. 24 ದಿನಕ್ಕೊಂದು ಟ್ಯೂಬ್ ನನ್ನ ಸಂಬಳಕ್ಕೆ ಹಗುರವೇನಲ್ಲ. ಹಾಗಾಗಿ ವಿಟಮಿನ್ ಸಿ ಸೀರಮ್, ಟೋನರ್, ವಾರಕ್ಕೊಮ್ಮೆಯ ಲೇಪ ಮೂರನ್ನೂ ನಿಲ್ಲಿಸಿ ಆ ದುಡ್ಡನ್ನು ಸನ್‌ಸ್ಕ್ರೀನಿಗೆ ತಿರುಗಿಸಿದೆ. ಸೀರಮ್ ಕೆಟ್ಟದ್ದೆಂದು ನಾನು ಹೇಳುವುದಿಲ್ಲ. ಆದರೆ ಬಂಗು ಇರುವ ಮುಖಕ್ಕೆ ಮೊದಲ ಹಕ್ಕು ಸನ್‌ಸ್ಕ್ರೀನಿನದು. ಉಳಿದಿದ್ದರಲ್ಲಿ ಬೇಕಾದ್ದು ಕೊಳ್ಳಬಹುದು.

ಮಾರ್ಚ್, ಎರಡನೆಯ ವಾರ

ಚರ್ಮರೋಗ ತಜ್ಞೆಯನ್ನು ಕಂಡು ಬಂದೆ. ಫೋಟೊಗಳನ್ನು ತೋರಿಸಿದೆ; ಹಳೆಯ ಕಥೆಯನ್ನೂ ಮುಚ್ಚಿಡದೆ ಹೇಳಿದೆ. ಎರಡು ವರ್ಷದ ಹಿಂದೆ ಒಂದು ಔಷಧ ಅಂಗಡಿಯಲ್ಲಿ ಚೀಟಿ ಕೇಳದೆ ಕೊಟ್ಟ ಕ್ರೀಮನ್ನು ಐದು ತಿಂಗಳು ಹಚ್ಚಿದ್ದೆ. ಹದಿನೈದು ದಿನಕ್ಕೇ ಮುಖ ತಿಳಿಯಾಗಿತ್ತು, ನೆಂಟರೆಲ್ಲ ಹೊಗಳಿದ್ದರು. ಬಿಟ್ಟ ವಾರದಲ್ಲೇ ಕೆನ್ನೆ ಕೆಂಪಾಗಿ ಉರಿಯತೊಡಗಿತು, ಬಿಸಿಲಿಗೆ ಹೋದರೆ ಮೆಣಸಿನಪುಡಿ ಬಿದ್ದಂತಾಗುತ್ತಿತ್ತು, ಬಂಗು ಮೊದಲಿಗಿಂತ ಗಾಢವಾಗಿ ಮರಳಿತ್ತು. ಅದರಲ್ಲಿ ಇದ್ದದ್ದು ಹೈಡ್ರೋಕ್ವಿನೋನ್, ಟ್ರೆಟಿನಾಯಿನ್, ಜೊತೆಗೆ ಮೊಮೆಟಾಸೋನ್ ಎಂಬ ಸ್ಟಿರಾಯ್ಡ್. ವೈದ್ಯರ ಕಣ್ಗಾವಲಿನಲ್ಲಿ ಕೆಲವೇ ವಾರ ಬಳಸಬೇಕಾದ ಔಷಧ ಅದು. ಸ್ಟಿರಾಯ್ಡ್ ಹೆಚ್ಚು ದಿನ ಬಿದ್ದರೆ ಚರ್ಮ ತೆಳುವಾಗುತ್ತದೆ, ಸಣ್ಣ ರಕ್ತನಾಳಗಳು ಮೇಲೆ ಕಾಣುತ್ತವೆ, ಮೊಡವೆ ಏಳುತ್ತದೆ. ಇದನ್ನು ಓದುತ್ತಿರುವ ಅಕ್ಕತಂಗಿಯರನ್ನು ಕೈಮುಗಿದು ಕೇಳುತ್ತೇನೆ: ಬೇಗ ಬೆಳ್ಳಗಾಗಿಸುವ ಯಾವ ಕ್ರೀಮನ್ನಾದರೂ ಹಚ್ಚುವ ಮೊದಲು ಟ್ಯೂಬಿನ ಸಣ್ಣ ಅಕ್ಷರ ಓದಿ. ಮೊಮೆಟಾಸೋನ್, ಬೆಟಾಮೆಥಾಸೋನ್, ಕ್ಲೊಬೆಟಾಸಾಲ್, ಈ ಸ್ಟಿರಾಯ್ಡ್‌ಗಳಲ್ಲಿ ಒಂದು ಕಂಡರೂ ವೈದ್ಯರನ್ನು ಕೇಳದೆ ಮುಖಕ್ಕೆ ಮುಟ್ಟಿಸಬೇಡಿ. ಈಗಾಗಲೇ ಬಹಳ ದಿನದಿಂದ ಹಚ್ಚುತ್ತಿದ್ದರೆ, ಬಿಡುವುದನ್ನೂ ಅವರನ್ನು ಕೇಳಿಯೇ ಬಿಡಿ.

ನನಗೆ ಈಗ ಬರೆದುಕೊಟ್ಟಿರುವುದು ಅಜೆಲೈಕ್ ಆಮ್ಲದ ಕ್ರೀಮ್, ರಾತ್ರಿಗೆ. ಸನ್‌ಸ್ಕ್ರೀನನ್ನೂ ಬದಲಿಸಿದರು. ಕಣ್ಣಿಗೆ ಕಾಣುವ ಬೆಳಕೂ ಬಂಗನ್ನು ಕೆರಳಿಸುತ್ತದೆ. ಅದನ್ನು ತಡೆಯಲು ಐರನ್ ಆಕ್ಸೈಡ್ ಬೆರೆತ, ತಿಳಿಗಂದು ಬಣ್ಣದ ಸನ್‌ಸ್ಕ್ರೀನ್ ಬೇಕಂತೆ. ಫಲ ಕಾಣಲು ಮೂರು ತಿಂಗಳಾದರೂ ಕಾಯಬೇಕು ಎಂದರು.

ಯುಗಾದಿ

ಅವ್ವ ಬೆಳಿಗ್ಗೆಯೇ ಎಣ್ಣೆಯ ಬಟ್ಟಲು ಹಿಡಿದು ನಿಂತಿದ್ದಳು. ಕಳೆದ ವರ್ಷ ಮುಖಕ್ಕೂ ಬಳಿದುಕೊಂಡು ಹಣೆಯ ತುಂಬ ಗುಳ್ಳೆ ಎದ್ದದ್ದು ನೆನಪಿದೆ. “ತಲೆಗೆ, ಮೈಗೆ ಎಷ್ಟಾದರೂ ಹಚ್ಚವ್ವಾ, ಮುಖವೊಂದು ಬಿಡು” ಎಂದೆ. “ಹಬ್ಬದ ದಿನ ಒಣಮುಖವೇನೇ!” ಎಂದು ಗಲ್ಲಕ್ಕೆ ಒಂದು ಹನಿ ಒತ್ತಿಯೇ ಬಿಟ್ಟಳು. ಇರಲಿ, ಒಂದು ಹನಿ.

ಏಪ್ರಿಲ್, ಮೊದಲ ವಾರ

ಅಜೆಲೈಕ್ ಉರಿಯುತ್ತಿದೆ. ಮೊದಲ ವಾರ ಹಚ್ಚಿದ ಹತ್ತು ನಿಮಿಷ ಇರುವೆ ಹರಿದಂತೆ ತುರಿಕೆ, ಮೂಗಿನ ಪಕ್ಕದಲ್ಲಿ ಹೊಟ್ಟು. ಮುಖ ಪೂರ್ತಿ ಒಣಗಿದ ಮೇಲೆ ಮಾಯಿಶ್ಚರೈಸರ್, ಅದರ ಮೇಲೆ ಕ್ರೀಮ್, ಅದೂ ದಿನ ಬಿಟ್ಟು ದಿನ ಎಂದು ಮಾಡಿದ ಮೇಲೆ ಸಹಿಸುವಂತಾಯಿತು. ಬೆಳಿಗ್ಗೆ ಮಾತ್ರ ಇದಕ್ಕೆ ತಿರುಗುಮುರುಗು: ಮುಖ ಇನ್ನೂ ತೇವವಾಗಿರುವಾಗಲೇ ಮಾಯಿಶ್ಚರೈಸರ್ ಹಚ್ಚುತ್ತೇನೆ, ನೀರಿನ ಅಂಶ ಒಳಗೇ ನಿಲ್ಲುತ್ತದೆ.

ನಮ್ಮ ಬೋರ್‌ವೆಲ್ ನೀರು ಗಡಸು. ನಲ್ಲಿಯ ಬಾಯಿಗೆ ಕಟ್ಟಿರುವ ಬಿಳಿ ಪದರವನ್ನು ಉಗುರಿನಿಂದ ಕೆರೆದರೆ ಸುಣ್ಣದಂತೆ ಉದುರುತ್ತದೆ. ಈ ನೀರಿನಲ್ಲಿ ಮೈಸೋಪು ನೊರೆ ಕೊಡದೆ ಜಿಗುಟು ಪದರವಾಗಿ ಮುಖದಲ್ಲೇ ಉಳಿಯುತ್ತದೆ. ಮೇಲಾಗಿ ಸೋಪು ಕ್ಷಾರ, ಚರ್ಮದ ಮೇಲ್ಪದರ ತುಸು ಆಮ್ಲೀಯ. ಸೋಪಿನಂಶವಿಲ್ಲದ ಫೇಸ್‌ವಾಶ್‌ಗೆ ಬದಲಾದ ಮೇಲೆ ತೊಳೆದಾಗಿನ ಬಿಗಿತ ಹೋಯಿತು.

ಏಪ್ರಿಲ್ 22

ನಾಲ್ಕನೆಯ ಟ್ಯೂಬ್. ಮಧ್ಯಾಹ್ನದ ಸರದಿಯೇ ಕಷ್ಟದ್ದು. ಬೆವರಿದ ಮುಖಕ್ಕೆ ಹಾಗೆಯೇ ಹಚ್ಚಿದರೆ ಉಂಡೆಯಾಗಿ ಉರುಳುತ್ತದೆ. ಹತ್ತಿಯ ಕರವಸ್ತ್ರವನ್ನು ಒತ್ತಿ ಬೆವರು ತೆಗೆದು, ಫ್ಯಾನಿನ ಕೆಳಗೆ ಎರಡು ನಿಮಿಷ ಕುಳಿತು, ಒಮ್ಮೆಗೇ ಬಳಿಯದೆ ಒಂದೊಂದು ಬೆರಳಿನಷ್ಟನ್ನು ಎರಡು ಸುತ್ತಿನಲ್ಲಿ ಹಚ್ಚಿದರೆ ಚೆನ್ನಾಗಿ ಹಿಡಿಯುತ್ತದೆ. ಉಜ್ಜಿ ಒರೆಸುವ ಚಾಳಿ ಬಿಡಲು ಒಂದು ತಿಂಗಳು ಹಿಡಿಯಿತು.

ಮೇ, ಕೊನೆಯ ಭಾನುವಾರ

ಫೆಬ್ರವರಿಯ ಎಡಗೆನ್ನೆ, ಇಂದಿನ ಎಡಗೆನ್ನೆ, ಎರಡನ್ನೂ ಪಕ್ಕದಲ್ಲಿಟ್ಟು ನೋಡಿದೆ. ಬಂಗು ಹೋಗಿಲ್ಲ. ಕೆನ್ನೆಯ ಮೂಳೆಯ ಮೇಲೆ ಇನ್ನೂ ಇದೆ. ಆದರೆ ಕಣ್ಣಿನ ಕೆಳಗಿದ್ದ ಗಾಢ ಅಂಚು ಕರಗಿ ಸುತ್ತಲಿನ ಚರ್ಮದಲ್ಲಿ ಸೇರಿಕೊಂಡಿದೆ. ಎಡಕ್ಕೂ ಬಲಕ್ಕೂ ಇದ್ದ ವ್ಯತ್ಯಾಸವನ್ನು ಈಗ ಹುಡುಕಿ ನೋಡಬೇಕು. ಉರಿಬಿಸಿಲಿನ ಈ ತಿಂಗಳುಗಳಲ್ಲಿ ಪ್ರತಿ ವರ್ಷ ಹೆಚ್ಚುತ್ತಿದ್ದದ್ದು ಈ ವರ್ಷ ಇಳಿದಿದೆ. ನನಗೆ ನಿಜಕ್ಕೂ ಬಹಳ ಸಂತೋಷವಾಗಿದೆ.

ಐದನೆಯ ಟ್ಯೂಬ್ ಮೇ 17ಕ್ಕೆ ತೆರೆದದ್ದು. ಮೋಡ ಕವಿದರೂ ಯುವಿಎ ಇರುತ್ತದೆ, ಹಾಗಾಗಿ ಮಳೆಗಾಲಕ್ಕೂ ಇದೇ ಅಳತೆ, ಇದೇ ಬಲಬದಿಯ ಸೀಟು. ಖಾಲಿಯಾದ ನಾಲ್ಕು ಟ್ಯೂಬುಗಳನ್ನು ಗೂಡಿನಲ್ಲಿ, ಮೊದಲು ಸೀರಮ್ ಇದ್ದ ಜಾಗದಲ್ಲಿ ಸಾಲಾಗಿ ನಿಲ್ಲಿಸಿದ್ದೇನೆ, ತಾರೀಖು ಕಾಣುವಂತೆ.